ರಿಬ್ ಪಟ್ಟಿ ಹಿಗ್ಗುತ್ತಿಲ್ಲ, ಕಡ್ಡಿ ತೂರುತ್ತಿಲ್ಲ: ಕ್ರೋಶಾದಲ್ಲಿ ಬಿಗಿ ಎಲ್ಲಿದೆ ಎಂದು ಹುಡುಕುವ ಬಗೆ

ನಾನು ಹೆಣೆದ ಮೊದಲ ಉಲ್ಲನ್ ಕುಲಾವಿ ತಂಗಿಯ ಮಗುವಿಗೆ. ಮಗುವಿನ ತಲೆಯ ಸುತ್ತಳತೆ 36 ಸೆಂ.ಮೀ., ಕುಲಾವಿಯ ಅಂಚು 32. ಉಲ್ಲನ್ ಅಲ್ವಾ, ಹಿಗ್ಗುತ್ತದೆ ಅಂದುಕೊಂಡಿದ್ದೆ. ಹಿಗ್ಗಲಿಲ್ಲ. ತೊಟ್ಟಿಲು ಶಾಸ್ತ್ರದ ದಿನ ಅದು ತಲೆಗೆ ಅರ್ಧ ಇಳಿದು ಅಲ್ಲೇ ನಿಂತಿತು. ಮಗು ಅತ್ತಿತು. ಕೊನೆಗೆ ಶೋಕೇಸಿನ ಗೊಂಬೆಗೆ ಹಾಕಿದೆವು.

ಆಗ ಉಲ್ಲನ್ ಸರಿಯಿಲ್ಲ ಎಂದು ಬೈದುಕೊಂಡಿದ್ದೆ. ಪಾಪ, ಉಲ್ಲನ್ ಏನೂ ಮಾಡಿರಲಿಲ್ಲ. ನಾನು ಕ್ರೋಶಾ ಕಲಿತದ್ದು ಸೋದರತ್ತೆಯ ಹತ್ತಿರ. ಸಣ್ಣ ಸ್ಟೀಲ್ ಕಡ್ಡಿ, 40 ನಂಬರಿನ ಬಿಳಿ ದಾರ, ಬಾಗಿಲ ತೋರಣ, ಟಿವಿ ಮೇಲಿನ ಹೊದಿಕೆ. ಆ ಕೆಲಸದಲ್ಲಿ ಬಿಗಿ ಇದ್ದಷ್ಟೂ ಚೆಂದ. ಸಾಲದ್ದಕ್ಕೆ ಗಂಜಿ ಬೇರೆ ಹಾಕುತ್ತಿದ್ದರು. "ನಿನ್ನ ಕೈ ಬಿಗಿ ಕಣೇ, ಒಳ್ಳೇದು" ಎಂದು ಅತ್ತೆ ಹೊಗಳಿದ್ದನ್ನು ನನ್ನ ಬೆರಳುಗಳು ಮರೆತೇ ಇಲ್ಲ. ತೋರಣ ಹೆಣೆದ ಕೈ ಸ್ವೆಟರಿಗೆ ಬಂದರೆ ಸುಮ್ನೆ ಜಗಳ. ತೋರಣ ಅಲುಗಬಾರದು. ರಿಬ್, ಅಂದರೆ ಟೋಪಿ, ಸ್ವೆಟರಿನ ಅಂಚಿಗೆ ಹೆಣೆಯುವ ಏಣು ಏಣಿನ ಹಿಗ್ಗುವ ಪಟ್ಟಿ, ಅಲುಗಲೇಬೇಕು.

"ಸಡಿಲ ಹಿಡಿ" ಎಂದು ಎಲ್ಲರೂ ಹೇಳುತ್ತಾರೆ. ಎಲ್ಲಿ ಸಡಿಲ ಮಾಡಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಬಿಗಿ ಕಡ್ಡಿಯ ಕತ್ತಿನಲ್ಲಿರಬಹುದು, ಮೊದಲ ಚೈನಿನಲ್ಲಿ (ಶುರುವಿಗೆ ಹಾಕುವ ಕುಣಿಕೆಗಳ ಸರಪಳಿ) ಇರಬಹುದು, ಜೋಡಿಸಿದ ಸಾಲಿನಲ್ಲಿರಬಹುದು. ಅದನ್ನು ಹುಡುಕುವುದೇ ಇಲ್ಲಿನ ಕೆಲಸ.

ಶುರು ಮಾಡುವ ಮುಂಚೆ: ಒಂದು ಚೂರು ಹೆಣೆಯಿರಿ

ಪೂರ್ತಿ ಸ್ವೆಟರನ್ನು ಕೈಯಲ್ಲಿ ಹಿಡಿದು ದೋಷ ಹುಡುಕಲು ಹೋಗಬೇಡಿ. ಅದೇ ಉಲ್ಲನ್, ಅದೇ ಕಡ್ಡಿ ತೆಗೆದುಕೊಳ್ಳಿ. 12 ಚೈನ್ ಹಾಕಿ, ಎರಡನೆಯ ಚೈನಿನಿಂದ ಶುರು ಮಾಡಿ 11 ಸಿಂಗಲ್ ಕ್ರೋಶಾ ಹೆಣೆಯಿರಿ (ಕಡ್ಡಿ ತೂರಿಸಿ ಒಂದು ಕುಣಿಕೆ ಎಳೆದು, ಮತ್ತೆ ದಾರ ಹಿಡಿದು ಎರಡೂ ಕುಣಿಕೆಯಿಂದ ಎಳೆಯುವ ಗಿಡ್ಡ ಸ್ಟಿಚ್). ಆಮೇಲೆ ಪ್ರತಿ ಸಾಲಿಗೂ ಒಂದು ಚೈನ್, ತಿರುವು, ಹಿಂದಿನ ಎಳೆಯಲ್ಲಿ ಮಾತ್ರ 11 ಸಿಂಗಲ್ ಕ್ರೋಶಾ. ಹೀಗೆ 20 ಸಾಲು.

ಹಿಂದಿನ ಎಳೆ ಎಂದರೆ ಏನು? ಹೆಣೆದ ಸಾಲನ್ನು ಮೇಲಿನಿಂದ ನೋಡಿ. ಜಡೆಯ ಹಾಗೆ ಕಾಣುತ್ತದೆ. ಪ್ರತಿ ಸ್ಟಿಚ್ಚಿಗೂ ಎರಡು ಎಳೆ. ನಿಮ್ಮ ಕಡೆಗಿರುವುದು ಮುಂದಿನದು, ಆಚೆಗಿರುವುದು ಹಿಂದಿನದು.

ಚೂರನ್ನು ಮೇಜಿನ ಮೇಲೆ ಇಟ್ಟು ಅಳೆಯಿರಿ. ಆಮೇಲೆ ಸಾಲುಗಳ ಗೆರೆ ಕಂಬಗಳ ಹಾಗೆ ನಿಲ್ಲುವಂತೆ ಹಿಡಿದು ಅಡ್ಡಕ್ಕೆ ಎಳೆಯಿರಿ. ಹತ್ತು ಎಣಿಸಿ ಬಿಡಿ. ಮತ್ತೆ ಅಳೆಯಿರಿ. 10 ಸೆಂ.ಮೀ. ಪಟ್ಟಿ ಆರಾಮಾಗಿ 15ರ ಹತ್ತಿರ ಹೋಗಿ ಹೆಚ್ಚುಕಡಿಮೆ 10ಕ್ಕೆ ವಾಪಸ್ ಬಂದರೆ ನಿಮ್ಮ ಪಟ್ಟಿಯಲ್ಲಿ ದೋಷವಿಲ್ಲ. ದೋಷ ಜೋಡಣೆಯಲ್ಲಿದೆ, ಆ ಭಾಗಕ್ಕೆ ನೇರ ಹೋಗಿ. 11 ಅಥವಾ 12ಕ್ಕೆ ನಿಂತುಬಿಟ್ಟರೆ ಕೆಳಗಿನ ಮೊದಲ ಭಾಗ ನಿಮಗಾಗಿ. 15ಕ್ಕೆ ಹೋಗಿ 13ರಲ್ಲಿ ಉಳಿದುಬಿಟ್ಟರೆ ಅದು ಬೇರೆಯೇ ಕಾಯಿಲೆ, ಅಂಚು ಜೋತು ಬೀಳುವ ಭಾಗ ನೋಡಿ.

ಎಳೆದರೆ ಹಲಗೆಯ ಹಾಗಿದೆ, ಹಿಗ್ಗುವುದೇ ಇಲ್ಲ

ಮೊದಲು ಖರ್ಚಿಲ್ಲದ ಪರೀಕ್ಷೆ. ಯಾವ ದಿಕ್ಕಿಗೆ ಎಳೆಯುತ್ತಿದ್ದೀರಿ? ಎರಡು ಕಡ್ಡಿಯ ಹೆಣಿಗೆಯಲ್ಲಿ ಕುಣಿಕೆಗಳು ಒಂದಕ್ಕೊಂದು ಸಿಕ್ಕಿಕೊಂಡಿದ್ದರೂ ಸರಿದಾಡುತ್ತವೆ. ಕ್ರೋಶಾದಲ್ಲಿ ಒಂದೊಂದು ಸ್ಟಿಚ್ಚೂ ಮುಗಿದು ಬೀಗ ಹಾಕಿದ ಹಾಗೆ ಕೂರುತ್ತದೆ, ಸರಿಯುವುದಿಲ್ಲ. ಹಾಗಾದರೆ ಕ್ರೋಶಾ ರಿಬ್ಬಿಗೆ ಹಿಗ್ಗು ಎಲ್ಲಿಂದ ಬರುತ್ತದೆ? ಮಡಿಕೆಯಿಂದ. ಹಿಂದಿನ ಎಳೆಯನ್ನು ಮಾತ್ರ ಹಿಡಿದಾಗ ಮುಂದಿನ ಎಳೆ ಬಿಡುವಾಗಿ ಉಳಿದು ಒಂದು ಏಣು ಏಳುತ್ತದೆ. ತಿರುಗಿಸಿ ಹೆಣೆದಾಗ ಮುಂದಿನ ಏಣು ಬಟ್ಟೆಯ ಇನ್ನೊಂದು ಬದಿಗೆ ಬೀಳುತ್ತದೆ. ಒಂದು ಈಚೆ, ಒಂದು ಆಚೆ. ಬಟ್ಟೆ ಹಾರ್ಮೋನಿಯಂ ತಿದಿಯ ಹಾಗೆ ಮಡಚಿಕೊಳ್ಳುತ್ತದೆ. ತಿದಿಯನ್ನು ಮಡಿಕೆಗೆ ಅಡ್ಡವಾಗಿ ಎಳೆದರೆ ತೆರೆಯುತ್ತದೆ, ಮಡಿಕೆಯ ಉದ್ದಕ್ಕೆ ಎಳೆದರೆ ಏನೂ ಆಗುವುದಿಲ್ಲ. ಪಟ್ಟಿಯೂ ಅಷ್ಟೇ.

ಅದಕ್ಕೇ ಈ ಪಟ್ಟಿಯನ್ನು ಅಡ್ಡ ಹೆಣೆದು, ಆಮೇಲೆ ತಿರುಗಿಸಿ ಸೊಂಟಕ್ಕೋ ತಲೆಗೋ ಸುತ್ತುವುದು. ಚೈನಿನ ಉದ್ದ ಪಟ್ಟಿಯ ಅಗಲವಾಗುತ್ತದೆ, ಸಾಲುಗಳ ಸಂಖ್ಯೆ ಸುತ್ತಳತೆಯಾಗುತ್ತದೆ. ತಲೆಯ ಸುತ್ತಳತೆಯಷ್ಟು ಉದ್ದದ ಚೈನ್ ಹಾಕಿ ಅದರ ಮೇಲೆ ಹೆಣೆದುಕೊಂಡು ಹೋಗಿದ್ದರೆ ಹಿಗ್ಗು ಇದೆ, ಆದರೆ ಮೇಲೆ ಕೆಳಗೆ ಇದೆ. ಬಿಚ್ಚಿ ಮತ್ತೆ ಹೆಣೆಯುವುದು ಬಿಟ್ಟು ಬೇರೆ ದಾರಿಯಿಲ್ಲ.

ದಿಕ್ಕು ಸರಿಯಿದ್ದರೆ ಏಣುಗಳನ್ನು ನೋಡಿ. ಎರಡೂ ಬದಿಯಲ್ಲಿ ಏಣು ಕಾಣಬೇಕು. ಎಲ್ಲೂ ಏಣಿಲ್ಲದೆ ಬಟ್ಟೆ ಸಪಾಟಾಗಿದ್ದರೆ ನೀವು ಎರಡೂ ಎಳೆ ಹಿಡಿದು ಹೆಣೆದಿದ್ದೀರಿ. ಒಂದೇ ಬದಿಯಲ್ಲಿ ಎಲ್ಲ ಏಣುಗಳು, ಇನ್ನೊಂದು ಬದಿ ನುಣುಪು, ಹೀಗಿದ್ದರೆ ಒಂದು ಸಾಲಿನಲ್ಲಿ ಹಿಂದಿನ ಎಳೆ, ಮುಂದಿನ ಸಾಲಿನಲ್ಲಿ ಮುಂದಿನ ಎಳೆ ಹಿಡಿದಿದ್ದೀರಿ. ಇದು ತುಂಬಾ ಜನ ಮಾಡುವ ತಪ್ಪು, ಯಾಕೆಂದರೆ ನಾವು "ಹಿಂದೆ" ಎಂಬುದನ್ನು ಬಟ್ಟೆಯ ಹಿಂಬದಿ ಅಂದುಕೊಳ್ಳುತ್ತೇವೆ. ಅಲ್ಲ. ಹೆಣೆಯುವಾಗ ನಿಮ್ಮಿಂದ ಆಚೆ ಇರುವ ಎಳೆಯೇ ಹಿಂದಿನದು, ಬಟ್ಟೆ ಯಾವ ಮಗ್ಗುಲಿಗೆ ತಿರುಗಿದ್ದರೂ. ಮೊನ್ನೆ ಆ ಗೊಂಬೆಯ ಕುಲಾವಿಯನ್ನು ತೆಗೆದು ನೋಡಿದೆ. ಹೊರಬದಿಯಲ್ಲಿ ಚೆಂದದ ಏಣುಗಳು, ಒಳಬದಿ ನುಣುಪು. ಇಷ್ಟು ವರ್ಷ ಅಂಗಡಿಯವರನ್ನು ಬೈದದ್ದು ದಂಡ.

ಮೂರನೆಯದು ಹೆಸರಿನ ಗೊಂದಲ. ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುವುದನ್ನು ಬ್ರಿಟನ್ನಿನವರು ಡಬಲ್ ಕ್ರೋಶಾ ಅನ್ನುತ್ತಾರೆ. ನಮ್ಮಲ್ಲಿ ಹಳೆಯ ಪುಸ್ತಕ ಇಟ್ಟುಕೊಂಡವರು ಬ್ರಿಟಿಷ್ ಲೆಕ್ಕ, ವಿಡಿಯೊ ನೋಡಿ ಕಲಿತವರು ಅಮೆರಿಕದ ಲೆಕ್ಕ. ಪುಸ್ತಕದಲ್ಲಿ ರಿಬ್ಬಿಗೆ ಡಬಲ್ ಎಂದಿದ್ದು ನೀವು ಎತ್ತರದ ಸ್ಟಿಚ್ ಹೆಣೆದಿದ್ದರೆ ಏಣುಗಳು ದೂರ ದೂರ ಬೀಳುತ್ತವೆ, ಮಡಿಕೆ ಕೂರುವುದಿಲ್ಲ. ಪುಸ್ತಕದಲ್ಲಿ "ಸಿಂಗಲ್ ಕ್ರೋಶಾ" ಎಂಬ ಮಾತು ಸ್ಟಿಚ್ಚಿನ ಹೆಸರಾಗಿ ಎಲ್ಲೂ ಬರದೆ ಬರೀ ಡಬಲ್, ಟ್ರೆಬಲ್ ಎಂದಿದ್ದರೆ ಅದು ಬ್ರಿಟಿಷ್ ಲೆಕ್ಕ ಎಂದೇ ಅನುಮಾನ ಪಡಿ. ಚಿತ್ರದ ಚಾರ್ಟ್ ಇದ್ದರೆ ಈ ಕಾಟವೇ ಇಲ್ಲ. ಕೂಡಿಸುವ ಗುರುತು ಅಥವಾ ಗುಣಾಕಾರದ ಗುರುತು ಇದ್ದರೆ ಗಿಡ್ಡ ಸ್ಟಿಚ್, ಅದರ ಕೆಳಗೆ ಸಣ್ಣ ಬಿಲ್ಲಿನಂಥ ಗೆರೆ ಇದ್ದರೆ ಒಂದೇ ಎಳೆ ಹಿಡಿಯಬೇಕು ಎಂದರ್ಥ.

ಇವೆಲ್ಲ ಸರಿಯಿದ್ದೂ ಹಿಗ್ಗದಿದ್ದರೆ ಕಡ್ಡಿ ಬದಲಿಸಿ. ಉಲ್ಲನ್ ಲೇಬಲ್ಲಿನಲ್ಲಿ 4 ಮಿ.ಮೀ. ಎಂದಿದ್ದರೆ 4.5, ಆಮೇಲೆ 5, ಹೀಗೆ ಅರ್ಧ ಅರ್ಧ ಏರಿಸಿ ಒಂದೊಂದು ಚೂರು ಮಾಡಿ. ಸ್ಲಿಪ್ ಸ್ಟಿಚ್ (ದಾರವನ್ನು ಸ್ಟಿಚ್ಚಿನಿಂದಲೂ ಕಡ್ಡಿಯ ಮೇಲಿನ ಕುಣಿಕೆಯಿಂದಲೂ ಒಂದೇ ಸಲ ಎಳೆಯುವ, ಎಲ್ಲಕ್ಕಿಂತ ಗಿಡ್ಡ ಸ್ಟಿಚ್) ರಿಬ್ ಆದರೆ ನೇರವಾಗಿ 5 ಅಥವಾ 5.5ರಿಂದ ಶುರು ಮಾಡಿ, ಅದರ ಕೆಳಗೆ ಹೋದರೆ ಕಡ್ಡಿಯೇ ಒಳಗೆ ಹೋಗುವುದಿಲ್ಲ. ಅಂಗಡಿಯಲ್ಲಿ ನಂಬರು ಹೇಳುವಾಗ ಹುಷಾರು. ಹಳೆಯ ಬ್ರಿಟಿಷ್ ನಂಬರಿನಲ್ಲಿ 8 ಎಂದರೆ 4 ಮಿ.ಮೀ., 6 ಎಂದರೆ 5 ಮಿ.ಮೀ. ನಂಬರು ಏರಿದಷ್ಟೂ ಕಡ್ಡಿ ಸಣ್ಣ. ಸ್ಟೀಲ್ ಕಡ್ಡಿಗಳದ್ದೂ ಇದೇ ತಲೆಕೆಳಗು ಲೆಕ್ಕ. ಮಿ.ಮೀ. ಕೇಳಿಯೇ ಕೊಳ್ಳಿ.

ಕೊನೆಗೆ ರಿಬ್ಬಿನ ಜಾತಿ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಗ್ಗುವುದು ಹಿಂದಿನ ಎಳೆಯ ಸ್ಲಿಪ್ ಸ್ಟಿಚ್ ರಿಬ್. ನೋಡಲು ಕೂಡ ಎರಡು ಕಡ್ಡಿಯ ಹೆಣಿಗೆಯ ಹಾಗೇ. ಆದರೆ ಸಾಲುಗಳು ತೀರಾ ಗಿಡ್ಡ, ತಾಳ್ಮೆ ಬೇಕು. ಸಿಂಗಲ್ ಕ್ರೋಶಾ, ಅದಕ್ಕಿಂತ ತುಸು ಎತ್ತರದ ಹಾಫ್ ಡಬಲ್ ಕ್ರೋಶಾ ಮಧ್ಯದಲ್ಲಿ. ಟೋಪಿ, ತೋಳಿನ ಅಂಚು, ಸ್ವೆಟರಿನ ಕೆಳಪಟ್ಟಿ, ಎಲ್ಲಕ್ಕೂ ಸಿಂಗಲ್ ಸಾಕು. ಇನ್ನು ಕಂಬಕ್ಕೆ ಸುತ್ತಿ ಹೆಣೆಯುವ ರಿಬ್ ಇದೆ. ಒಂದು ಸ್ಟಿಚ್ಚಿನ ಕಾಲನ್ನು ಮುಂದಿನಿಂದ, ಮುಂದಿನದರ ಕಾಲನ್ನು ಹಿಂದಿನಿಂದ ಸುತ್ತಿ ಹಿಡಿಯುವುದು. ಫೋಟೊದಲ್ಲಿ ಅದೇ ಎಲ್ಲಕ್ಕಿಂತ ರಿಬ್ಬಿನ ಹಾಗೆ ಕಾಣುತ್ತದೆ. ದಪ್ಪ, ಬೆಚ್ಚಗೆ, ಉಲ್ಲನ್ ಎಷ್ಟಿದ್ದರೂ ನುಂಗುತ್ತದೆ, ಹಿಗ್ಗು ಮಾತ್ರ ಕಡಿಮೆ. ಅಲಂಕಾರಕ್ಕೆ ಸರಿ, ತಲೆ ತೂರಬೇಕಾದ ಕುತ್ತಿಗೆಗೆ ನಾನು ಹಾಕುವುದಿಲ್ಲ.

ಕಡ್ಡಿ ತೂರುವುದೇ ಇಲ್ಲ, ಒಂದೊಂದು ಸ್ಟಿಚ್ಚಿಗೂ ಗುದ್ದಾಟ

ಕಡ್ಡಿ ಹೋಗಲು ಉಗುರಿನಿಂದ ಕುಣಿಕೆ ಬಿಡಿಸಿಕೊಡಬೇಕು, ಹೊರಗೆ ಎಳೆಯುವಾಗ ಉಲ್ಲನ್ ಸೀಳುತ್ತದೆ, ಪ್ಲಾಸ್ಟಿಕ್ ಕಡ್ಡಿ ಕಿರ್ ಕಿರ್ ಅನ್ನುತ್ತದೆ. ಇವೆಲ್ಲ ಒಂದೇ ದೋಷದ ಸದ್ದು.

ಮೊದಲ ಪರೀಕ್ಷೆಗೆ ಕಣ್ಣು ಸಾಕು. ಕಡ್ಡಿಯಲ್ಲಿ ಮೂರು ಭಾಗ ಇದೆ: ಕೊಕ್ಕೆಯ ತಲೆ, ಅದರ ಕೆಳಗಿನ ಸಪೂರ ಕತ್ತು, ಆಮೇಲೆ ದುಂಡನೆಯ ಮೈ. 5 ಮಿ.ಮೀ. ಎಂದು ಬರೆದಿರುವುದು ಮೈಯ ದಪ್ಪ. ನಿಮ್ಮ ಕುಣಿಕೆ ಎಲ್ಲಿ ಕೂತಿದೆ ನೋಡಿ. ಕತ್ತಿನ ಮೇಲೆ ಕೂತಿದ್ದರೆ ನೀವು ಕೊಂಡದ್ದು 5ರ ಕಡ್ಡಿ, ಹೆಣೆಯುತ್ತಿರುವುದು ಅದಕ್ಕಿಂತ ಸಣ್ಣದರಲ್ಲಿ. ಪ್ರತಿ ಕುಣಿಕೆಯನ್ನೂ ಮೈಯವರೆಗೆ ಜಾರಿಸಿ, ಆಮೇಲೆ ಮುಂದಿನ ಹೆಜ್ಜೆ. ಕೈ ಬದಲಿಸಬೇಕಿಲ್ಲ, ಜಾಗ ಬದಲಿಸಿದರೆ ಸಾಕು. ಅರ್ಧದಷ್ಟು ಜನರ ದೋಷ ಇಲ್ಲೇ ಮುಗಿಯುತ್ತದೆ ಎಂದು ನನಗೆ ಅನ್ನಿಸುತ್ತದೆ.

ಎರಡನೆಯದು, ದಾರ ಎಳೆದುಕೊಂಡ ಆ ಕ್ಷಣ. ಸ್ಟಿಚ್ಚಿನೊಳಗೆ ಕಡ್ಡಿ ಹಾಕಿ, ಉಲ್ಲನ್ ಹಿಡಿದು, ಈಚೆ ಎಳೆದಾಗ ಒಂದು ಹೊಸ ಕುಣಿಕೆ ಬರುತ್ತದೆ. ಸ್ಟಿಚ್ಚಿನ ಎತ್ತರ ನಿರ್ಧಾರವಾಗುವುದು ಅಲ್ಲಿ. ಕೆಲವರು ಅದನ್ನು ಕೊಂಚ ಮೇಲಕ್ಕೆ ಎತ್ತುತ್ತಾರೆ. ಕೆಲವರು ಬಂದಷ್ಟಕ್ಕೆ ಬಿಡುತ್ತಾರೆ. ಕೆಲವರು, ನನ್ನಂಥವರು, ಬಂದ ಕೂಡಲೇ ಎಡಗೈ ಬೆರಳಿನಿಂದ ಚಿಟಕ್ ಅಂತ ಒಮ್ಮೆ ಬಿಗಿಯುತ್ತಾರೆ. ಬಿಗಿಯುತ್ತಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ. ಮೊಬೈಲನ್ನು ಡಬ್ಬಿಗೆ ಒರಗಿಸಿ ನಿಮ್ಮ ಕೈಯನ್ನು ಅರ್ಧ ನಿಮಿಷ ವಿಡಿಯೊ ಮಾಡಿ ನೋಡಿ. ನನಗೆ ನನ್ನ ಚಿಟಕ್ ಕಂಡದ್ದು ಹಾಗೆ.

ಮೇಲಿನ ಮನೆಯ ಹುಡುಗಿ ಒಮ್ಮೆ ಕೇಳಿದಳು, "ಅಕ್ಕ, ಸಡಿಲ ಹಿಡಿ ಸಡಿಲ ಹಿಡಿ ಅಂತೀರಿ. ಹಿಡಿದರೆ ದಾರ ಜಾರಿಯೇ ಹೋಗುತ್ತಲ್ಲ?"

"ದಾರ ಬಿಡಬೇಡ ಕಣೇ. ಕುಣಿಕೆ ಎತ್ತು."

ಅವಳು ಬೆರಳಿನ ಹಿಡಿತ ಹಾಗೇ ಇಟ್ಟುಕೊಂಡು ಕುಣಿಕೆಯನ್ನು ಒಂದು ಅಕ್ಕಿಕಾಳಿನಷ್ಟು ಜಾಸ್ತಿ ಎತ್ತಿ ಹೆಣೆದಳು. ಹತ್ತು ಸಾಲಿನಲ್ಲಿ ಬಟ್ಟೆ ಮೆತ್ತಗಾಯಿತು. ದಾರದ ಮೇಲಿನ ಹಿಡಿತ ಬೇರೆ, ಕುಣಿಕೆಯ ಗಾತ್ರ ಬೇರೆ. ಹಿಡಿತ ಇಲ್ಲದಿದ್ದರೆ ಸ್ಟಿಚ್ಚುಗಳು ಒಂದೊಂದು ಒಂದೊಂದು ತರಹ ಬರುತ್ತವೆ.

ಅಷ್ಟಾದರೂ ಬಿಗಿಯೆನಿಸಿದರೆ ದಾರ ಬರುವ ದಾರಿಯನ್ನು ಉಂಡೆಯಿಂದ ಬೆರಳಿನವರೆಗೆ ನೋಡಿ. ಕಿರುಬೆರಳಿಗೆ ಎರಡು ಸುತ್ತು ಹಾಕಿದ್ದರೆ ಒಂದು ಸುತ್ತು ತೆಗೆಯಿರಿ. ಉಂಡೆ ದಿಂಬಿನ ಕೆಳಗೆ ಸಿಕ್ಕಿದೆಯೇ, ಚೀಲದ ಜಿಪ್ಪಿನಲ್ಲಿ ಉಜ್ಜುತ್ತಿದೆಯೇ? ಒಂದೆರಡು ಮೊಳ ಮೊದಲೇ ಬಿಚ್ಚಿ ತೊಡೆಯ ಮೇಲೆ ಹಾಕಿಕೊಳ್ಳಿ. ಮಂಗಳೂರು, ಉಡುಪಿ ಕಡೆಯ ಸೆಕೆಯಲ್ಲಿ ಬೆವರಿದ ಬೆರಳಿಗೆ ಅಕ್ರಿಲಿಕ್ ಅಂಟಿ ಎಳೆಯುತ್ತದೆ. ಕೈ ತೊಳೆದು ಒರೆಸಿ, ಬೇಕಾದರೆ ಚೂರು ಪೌಡರ್. ತೆಂಗಿನೆಣ್ಣೆಯ ಕೈಯಲ್ಲಿ ಮಾತ್ರ ಬೇಡ, ಬಿಳಿ ಉಲ್ಲನ್ ಆದರೆ ಅಳಬೇಕಾಗುತ್ತದೆ.

ಕಡ್ಡಿಯನ್ನೂ ಅನುಮಾನಿಸಿ. ಹಳೆಯ ನೈಲಾನ್ ದುಪಟ್ಟಾದ ಮೇಲೆ ಕೊಕ್ಕೆಯನ್ನು ಮೆಲ್ಲಗೆ ಎಳೆಯಿರಿ. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಮುಳ್ಳಿದೆ. ಪ್ಲಾಸ್ಟಿಕ್, ಬಿದಿರು ಆದರೆ ಉಗುರಿನ ಫೈಲಿನಿಂದ ಉಜ್ಜಿದರೆ ಹೋಗುತ್ತದೆ. ಲೋಹದ ಕಡ್ಡಿಯಲ್ಲಿ ಮುಳ್ಳೆದ್ದರೆ ಹೊಸದು ಕೊಳ್ಳಿ, ಒಂದು ತಿಂಡಿ ಕಾಫಿಯ ದುಡ್ಡಿನ ಮಾತು. ಬಿಗಿ ಕೈಯವರಿಗೆ ನುಣುಪಾದ ಅಲ್ಯೂಮಿನಿಯಂ ಒಳ್ಳೆಯದು. ಬಿದಿರು ಸ್ವಲ್ಪ ಹಿಡಿಯುತ್ತದೆ, ಅದು ಸಡಿಲ ಕೈಯವರಿಗೆ.

ಪಟ್ಟಿ ಬಾಳೆಹಣ್ಣಿನ ಹಾಗೆ ಬಾಗಿದೆ

ಬಾಗು ಮೊದಲ ಸಾಲಿನಲ್ಲೇ ಶುರುವಾಗಿದೆಯೇ ಅಥವಾ ಬರ್ತಾ ಬರ್ತಾ ಬಂದಿದೆಯೇ? ಮೊದಲ ಸಾಲಿನಲ್ಲೇ ಆದರೆ ಚೈನ್ ಬಿಗಿ. ಚೈನ್ ಮಾತ್ರ ಒಂದು ಅಥವಾ ಎರಡು ಸೈಜು ದೊಡ್ಡ ಕಡ್ಡಿಯಲ್ಲಿ ಹಾಕಿ, ಮೊದಲ ಸಾಲಿಗೆ ವಾಪಸ್ ನಿಮ್ಮ ಕಡ್ಡಿಗೆ ಬನ್ನಿ. ಅಡ್ಡ ಹೆಣೆಯುವ ಪಟ್ಟಿಯಲ್ಲಿ ಈ ಚೈನ್ ಒಂದು ಕೊನೆಯಲ್ಲಿ ಇರುವುದರಿಂದ ಹಾನಿ ಕಡಿಮೆ, ಜೋಡಿಸಿದ ಜಾಗದಲ್ಲಿ ಒಂದು ಸುಕ್ಕು ಕಾಣುತ್ತದೆ ಅಷ್ಟೇ. ಆದರೆ ಕುತ್ತಿಗೆಯಿಂದ ಕೆಳಕ್ಕೆ ಹೆಣೆಯುವ ಸ್ವೆಟರಿನಲ್ಲಿ ಚೈನೇ ಕುತ್ತಿಗೆಯ ಸುತ್ತಳತೆ. ಕೆಳಗಿನ ಬಟ್ಟೆ ಎಷ್ಟು ಹಿಗ್ಗಿದರೂ ಚೈನ್ ಬಿಡುವುದಿಲ್ಲ. ಅಲ್ಲಿ ಮೊದಲೇ ಚೈನ್ ಹಾಕದೆ, ಚೈನನ್ನೂ ಸಿಂಗಲ್ ಕ್ರೋಶಾವನ್ನೂ ಒಟ್ಟಿಗೆ ಹೆಣೆಯುವ ಆರಂಭ ಕಲಿಯುವುದು ಒಳ್ಳೆಯದು. ಒಂದು ಮಧ್ಯಾಹ್ನದ ಕೆಲಸ.

ಬರ್ತಾ ಬರ್ತಾ ಬಾಗಿದ್ದರೆ ಎಣಿಸಿ. 11 ಇದ್ದದ್ದು 9 ಆಗಿರುತ್ತದೆ. ರಿಬ್ಬಿನಲ್ಲಿ ಸಾಲಿನ ಕೊನೆಯ ಸ್ಟಿಚ್ ಮಡಿಕೆಯೊಳಗೆ ಅಡಗಿ ಕೂರುತ್ತದೆ. ಸ್ಲಿಪ್ ಸ್ಟಿಚ್ಚಿನಲ್ಲಂತೂ ಕಣ್ಣಿಗೇ ಬೀಳುವುದಿಲ್ಲ. ಪ್ರತಿ ಸಾಲಿನ ಮೊದಲ ಸ್ಟಿಚ್ಚಿಗೆ ಒಂದು ಪಿನ್ನು ಸಿಕ್ಕಿಸಿ, ವಾಪಸ್ ಬರುವಾಗ ಅದರಲ್ಲೇ ಕೊನೆಯ ಸ್ಟಿಚ್ ಹೆಣೆಯಿರಿ. ಕೊನೆಯದನ್ನು ಮಾತ್ರ ಎರಡೂ ಎಳೆ ಹಿಡಿದು ಹೆಣೆದರೆ ಅಂಚು ನೀಟಾಗಿ ನಿಲ್ಲುತ್ತದೆ.

ಪಟ್ಟಿ ಹಿಗ್ಗುತ್ತದೆ, ಆದರೆ ತಲೆ ತೂರುವುದಿಲ್ಲ

ಹಾಕಿಕೊಳ್ಳುವಾಗ "ಟಕ್" ಅಂತ ದಾರ ಹರಿದ ಸದ್ದು ಬಂತೇ? ಹಾಗಾದರೆ ಜೋಡಣೆಯೇ ಕಳ್ಳ. ಪಟ್ಟಿಯನ್ನು ಟೋಪಿ ಅಥವಾ ಸ್ವೆಟರಿನ ಮೈಗೆ ಸೇರಿಸಿದ ಸಾಲನ್ನು ಎರಡು ಕೈಯಲ್ಲಿ ಹಿಡಿದು ಎಳೆಯಿರಿ. ಮೇಲೆ ಕೆಳಗೆ ಹಿಗ್ಗಿ ನಡುವೆ ಒಂದು ಗೆರೆ ತಂತಿಯ ಹಾಗೆ ನಿಂತರೆ ಅದೇ ದೋಷ. ಸಾಮಾನ್ಯವಾಗಿ ಅದು ಬಿಗಿಯಾದ ಸ್ಲಿಪ್ ಸ್ಟಿಚ್ ಸಾಲು, ಇಲ್ಲವೇ ಹೊಲಿಗೆ ಮೆಷಿನ್ನಿನ ದಾರದಲ್ಲಿ ಮಾಡಿದ ಹೊಲಿಗೆ. ಆ ಸಾಲನ್ನು ಮಾತ್ರ ಬಿಚ್ಚಿ. ದೊಡ್ಡ ಕಡ್ಡಿಯಲ್ಲಿ ಸಡಿಲವಾಗಿ ಸೇರಿಸಿ, ಅಥವಾ ಅದೇ ಉಲ್ಲನ್ನಿನಲ್ಲಿ ದಬ್ಬಳದಿಂದ ಹೊಲಿಯಿರಿ. ಹೊಲಿಯುವಾಗ ಐದಾರು ಸ್ಟಿಚ್ಚಿಗೊಮ್ಮೆ ಬಟ್ಟೆಯನ್ನು ಎಳೆದು ದಾರಕ್ಕೆ ಸಡಿಲ ಕೊಡುತ್ತಾ ಹೋಗಿ.

ಅಳತೆಯನ್ನೂ ಒಮ್ಮೆ ನೋಡಿಬಿಡಿ. ದೊಡ್ಡವರ ತಲೆ ಸಾಮಾನ್ಯವಾಗಿ 54ರಿಂದ 58 ಸೆಂ.ಮೀ. ಟೋಪಿಯ ಪಟ್ಟಿ ಅದಕ್ಕಿಂತ 4ರಿಂದ 6 ಸೆಂ.ಮೀ. ಕಡಿಮೆ ಸಾಕು. ತೋಳಿನ ಅಂಚಿಗೆ ಮಣಿಕಟ್ಟಿನ ಅಳತೆ ಮಾತ್ರ ತೆಗೆಯುತ್ತೇವೆ, ಆದರೆ ಅದರೊಳಗೆ ತೂರಬೇಕಾದದ್ದು ಇಡೀ ಅಂಗೈ. ಹೆಬ್ಬೆರಳನ್ನು ಒಳಗೆ ಮಡಚಿ ಗೆಣ್ಣುಗಳ ಸುತ್ತ ಟೇಪ್ ಹಿಡಿಯಿರಿ. ಪಟ್ಟಿ ಎಳೆದಾಗ ಅಷ್ಟಕ್ಕೆ ಬರಬೇಕು.

ಹಿಗ್ಗಿದ್ದು ವಾಪಸ್ ಬರುತ್ತಿಲ್ಲ, ಅಂಚು ಜೋತು ಬಿದ್ದಿದೆ

ಬಿಗಿಗೆ ಹೆದರಿ ತೀರಾ ಸಡಿಲಕ್ಕೆ ಹೋದವರ ಕಾಯಿಲೆ ಇದು. ಚೂರನ್ನು ಬೆಳಕಿಗೆ ಹಿಡಿಯಿರಿ. ಏಣುಗಳ ನಡುವೆ ದೊಡ್ಡ ತೂತು ಕಂಡರೆ ಕಡ್ಡಿ ದೊಡ್ಡದಾಯಿತು, ಅರ್ಧ ಮಿ.ಮೀ. ಇಳಿಸಿ. ತೂತಿಲ್ಲದಿದ್ದರೆ ದಾರ ನೋಡಿ. ಹತ್ತಿಗೆ ತನ್ನದೇ ಆದ ಎಳೆತ ಇಲ್ಲ. ಉಣ್ಣೆ ಎಳೆದರೆ ವಾಪಸ್ ಬರುತ್ತದೆ, ಅಕ್ರಿಲಿಕ್ ಒಂದು ಮಟ್ಟಿಗೆ ಬರುತ್ತದೆ, ಹತ್ತಿ ಹೋದಲ್ಲೇ ಇರುತ್ತದೆ. ಬೇಸಿಗೆಯ ಹತ್ತಿ ಟಾಪಿಗೆ ಕೆಳಪಟ್ಟಿ ಬೇಕಿದ್ದರೆ ಸಣ್ಣ ಕಡ್ಡಿ, ಸಿಂಗಲ್ ಕ್ರೋಶಾ, ಅಳತೆ ಇನ್ನಷ್ಟು ಕಡಿಮೆ. ಅದೂ ಸಾಲದಿದ್ದರೆ ಒಳಬದಿಯ ಏಣುಗಳಲ್ಲಿ ತೆಳು ಎಲಾಸ್ಟಿಕ್ ದಾರ ತೂರಿಸಿ.

ಅಂದಹಾಗೆ, ನಾವು "ಉಲ್ಲನ್" ಎಂದು ಕರೆಯುವ ಅಂಗಡಿಯ ಉಂಡೆ ಬಹುಪಾಲು ಅಕ್ರಿಲಿಕ್ಕೇ. ಲೇಬಲ್ ಕಳೆದುಹೋಗಿದ್ದರೆ ಸುಟ್ಟು ನೋಡುವ ಪರೀಕ್ಷೆ ಇದೆ. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿ ಪುಡಿಯಾಗುತ್ತದೆ. ಹತ್ತಿ ಕಾಗದದ ಹಾಗೆ ಉರಿಯುತ್ತದೆ. ಅಕ್ರಿಲಿಕ್ ಕರಗಿ ಕಪ್ಪು ಹೊಗೆ ಬಿಟ್ಟು ಗಟ್ಟಿ ಮಣಿಯಾಗುತ್ತದೆ. ಎರಡು ಬೆರಕೆಯಾಗಿದ್ದರೆ ಎರಡರ ಲಕ್ಷಣವೂ ಬರುತ್ತದೆ. ಈ ಪರೀಕ್ಷೆ ಮಾಡುವಾಗ ಬೆರಳಷ್ಟುದ್ದ ದಾರ ಸಾಕು. ಇಕ್ಕಳದಲ್ಲಿ ಹಿಡಿಯಿರಿ, ಕೆಳಗೆ ಸ್ಟೀಲ್ ತಟ್ಟೆ, ಪಕ್ಕದಲ್ಲಿ ನೀರು, ಕಿಟಕಿ ತೆರೆದಿರಲಿ. ಕರಗಿದ ಅಕ್ರಿಲಿಕ್ ಹನಿ ಚರ್ಮಕ್ಕೆ ಅಂಟಿದರೆ ಕಿತ್ತರೂ ಬರುವುದಿಲ್ಲ. ಸೆರಗು, ದುಪಟ್ಟಾ ಸಿಕ್ಕಿಸಿಕೊಳ್ಳಿ. ಮಕ್ಕಳು ಆಚೆ ಇರಲಿ.

ಮೊದಲು ಚೆನ್ನಾಗಿದ್ದ ಪಟ್ಟಿ ಒಮ್ಮೆಗೇ ಜೋತು ಬಿದ್ದು ರೇಷ್ಮೆಯ ಹಾಗೆ ನುಣುಪಾಗಿದೆಯೇ? ಮನೆಯಲ್ಲಿ ಯಾರೋ ಇಸ್ತ್ರಿ ಮಾಡಿದ್ದಾರೆ. ಬಿಸಿಗೆ ಅಕ್ರಿಲಿಕ್ ತನ್ನ ಎಳೆತ ಕಳೆದುಕೊಳ್ಳುತ್ತದೆ, ಮತ್ತೆ ಬರುವುದಿಲ್ಲ. ತೊಳೆದರೂ ಇಲ್ಲ, ಒಣಗಿಸಿದರೂ ಇಲ್ಲ. ಇಲ್ಲಿ ಹುಡುಕಾಟ ನಿಲ್ಲಿಸಿ. ಅಡ್ಡ ಹೆಣೆದ ಪಟ್ಟಿಯಾದರೆ ಅದನ್ನು ಮಾತ್ರ ಬಿಡಿಸಿ ಹೊಸದು ಹೆಣೆದು ಸೇರಿಸಬಹುದು. ರಿಬ್ಬಿನ ಮೇಲೆ ಇಸ್ತ್ರಿ ಪೆಟ್ಟಿಗೆ ಇಡಲೇಬೇಡಿ, ಉಣ್ಣೆಯಾದರೂ ಮಡಿಕೆ ಸತ್ತುಹೋಗುತ್ತದೆ.

ಮಗುವಿಗೆ ಹೆಣೆಯುತ್ತಿದ್ದರೆ ಬೇರೆ ಎಚ್ಚರ ಬೇಕು. ಕುಲಾವಿ ತೆಗೆದ ಮೇಲೆ ಹಣೆಯಲ್ಲಿ ಕೆಂಪು ಗೆರೆ ಉಳಿದರೆ ಅದು ಬಿಗಿ, ಬಿಚ್ಚಿ. ಹಸುಗೂಸಿನ ಪಟ್ಟಿಗೆ ಎಲಾಸ್ಟಿಕ್ ದಾರ ಬೇಡ, ಗದ್ದಕ್ಕೆ ಕಟ್ಟುವ ಲಾಡಿಯೂ ಬೇಡ. ಮಲಗಿಸುವಾಗ ಕುಲಾವಿ ತೆಗೆಯಿರಿ. ಸಡಿಲವಾದದ್ದು ಮುಖಕ್ಕೆ ಜಾರಬಹುದು, ಮಗುವಿಗೆ ಸೆಕೆಯೂ ಆಗುತ್ತದೆ. ಕಾಲುಚೀಲ ಹೆಣೆದರೆ ಒಳಬದಿ ತಿರುಗಿಸಿ ದಾರದ ತುದಿಗಳನ್ನು ನೋಡಿ. ಬಿಡಿ ಎಳೆ ಪುಟ್ಟ ಬೆರಳಿಗೆ ಸುತ್ತಿ ರಕ್ತ ಓಡದಂತೆ ಮಾಡಬಲ್ಲದು. ಬೆರಳು ಊದಿ ಕೆಂಪಾಗಿದ್ದರೆ, ದಾರ ಬಿಡಿಸಲು ಬಾರದಿದ್ದರೆ, ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಅಂಚು ಅಲೆ ಅಲೆಯಾಗಿದೆ, ಅಥವಾ ಮೈ ಸುಕ್ಕುಗಟ್ಟಿದೆ

ಪಟ್ಟಿಯ ಪಕ್ಕದಲ್ಲಿ ಸ್ಟಿಚ್ ಎತ್ತಿಕೊಂಡು ಮೈ ಹೆಣೆಯುವಾಗ ಬರುವ ದೋಷ. ಸಿಂಗಲ್ ಕ್ರೋಶಾ ರಿಬ್ಬಿನಲ್ಲಿ ಸಾಲಿಗೊಂದು ಸ್ಟಿಚ್ ಎತ್ತಿದರೆ ಹೆಚ್ಚುಕಡಿಮೆ ಸರಿ ಹೋಗುತ್ತದೆ. ಅಲೆ ಬಂದರೆ ಜಾಸ್ತಿ ಎತ್ತಿದ್ದೀರಿ, ಸುಕ್ಕು ಬಂದರೆ ಕಡಿಮೆ. ಸ್ಲಿಪ್ ಸ್ಟಿಚ್ ರಿಬ್ಬಿನ ಸಾಲುಗಳು ಗಿಡ್ಡವಾದ್ದರಿಂದ ಎಲ್ಲ ಸಾಲಿಗೂ ಎತ್ತಬಾರದು.

ಅರ್ಧ ಪಟ್ಟಿ ಮೆತ್ತಗೆ, ಅರ್ಧ ಗಟ್ಟಿ

ಧಾರಾವಾಹಿ ನೋಡುತ್ತಾ ಹೆಣೆದ ಭಾಗವೇ ಬಿಗಿ ಎಂದು ನನ್ನ ತಂಗಿ ಕಂಡುಹಿಡಿದಿದ್ದಾಳೆ, ಅದರಲ್ಲೂ ಅತ್ತೆ ಸೊಸೆ ಜಗಳದ ಹೊತ್ತಿನಲ್ಲಿ. ತಮಾಷೆಯಲ್ಲ. ಮನಸ್ಸಿನ ಟೆನ್ಷನ್ ದಾರಕ್ಕೆ ಇಳಿಯುತ್ತದೆ. ದಿನದ ಮೊದಲ ಎರಡು ಸಾಲನ್ನು ಚೂರಿನ ಮೇಲೆ ಹೆಣೆದು ಕೈ ಪಳಗಿಸಿಕೊಂಡು ಆಮೇಲೆ ಪಟ್ಟಿಗೆ ಬನ್ನಿ. ಸಾಲಿನ ನಡುವೆ ಎದ್ದು ಹೋಗಬೇಡಿ. ಎರಡು ಭಾಗ ಎರಡು ತರಹ ಆಗಿದ್ದರೆ ಕಡ್ಡಿ ಅದಲುಬದಲಾಗಿದೆಯೇ ಎಂದೂ ನೋಡಿ. 4.5 ಮತ್ತು 5 ಕಣ್ಣಿಗೆ ಒಂದೇ.

ಕೈ ನೋಯುತ್ತಿದೆ, ಬೆರಳು ಜುಮ್ಮೆನ್ನುತ್ತಿದೆ

ಇದನ್ನು ಕೊನೆಗೆ ಬರೆದಿದ್ದೇನೆ, ಆದರೆ ಈ ಲಕ್ಷಣ ಕಂಡರೆ ಉಳಿದದ್ದನ್ನೆಲ್ಲ ಬಿಟ್ಟು ಮೊದಲು ಇಲ್ಲಿಗೆ ಬನ್ನಿ. ಬಿಗಿ ಸ್ಟಿಚ್ಚಿನೊಳಗೆ ಕಡ್ಡಿ ನುಗ್ಗಿಸುವಾಗ ಮಣಿಕಟ್ಟು ತಿರುಚುತ್ತದೆ, ಹೆಬ್ಬೆರಳು ಒತ್ತುತ್ತದೆ. ಹೆಣೆದ ದಿನ ಮಾತ್ರ ನೋವಿದ್ದು ರಾತ್ರಿ ಮಲಗಿದರೆ ಹೋಗುತ್ತದೆ ಎಂದಾದರೆ ದಪ್ಪ ಹಿಡಿಯ ಕಡ್ಡಿ ಕೊಳ್ಳಿ, 20 ನಿಮಿಷಕ್ಕೊಮ್ಮೆ ಎದ್ದು ಕೈ ಬಿಡಿಸಿ. ಸ್ಲಿಪ್ ಸ್ಟಿಚ್ ರಿಬ್ಬನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಕೈಗೆ ಅದರಷ್ಟು ಕಷ್ಟದ ರಿಬ್ ಇನ್ನೊಂದಿಲ್ಲ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆನ್ನುವುದು, ಅದೂ ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ಇದ್ದರೆ ಮಣಿಕಟ್ಟಿನಲ್ಲಿ ನರ ಒತ್ತುತ್ತಿರಬಹುದು. ಬೆರಳು ಮಡಚಿದರೆ ಸಿಕ್ಕಿಕೊಂಡು ಟಕ್ಕೆಂದು ಬಿಡುವುದು, ಕೈಯಿಂದ ಲೋಟ ಜಾರುವುದು, ಊತ, ಹೆಬ್ಬೆರಳಿನ ಬುಡದ ಮಾಂಸ ಇಳಿದಂತೆ ಕಾಣುವುದು, ಇವುಗಳಲ್ಲಿ ಯಾವುದಿದ್ದರೂ ಹೆಣೆಯುವುದು ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಎಣ್ಣೆ ಹಚ್ಚಿ ನೋಡೋಣ ಎಂದು ತಿಂಗಳು ತಳ್ಳಬೇಡಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ ಈ ನರದ ತೊಂದರೆ ಜಾಸ್ತಿ. ದಿನಕ್ಕೆ ಎಷ್ಟು ಹೊತ್ತು ಹೆಣೆಯುತ್ತೀರಿ ಎಂದು ಡಾಕ್ಟರಿಗೆ ಹೇಳಿ. ನಾವು ಹೇಳದಿದ್ದರೆ ಅವರು ಕ್ರೋಶಾದ ಬಗ್ಗೆ ಕೇಳುವುದಿಲ್ಲ.

ಎಲ್ಲ ನೋಡಿಯೂ ದೋಷ ಸಿಗಲಿಲ್ಲವೇ? ಹೆಣೆಯಲು ಬಲ್ಲ ಒಬ್ಬರ ಹತ್ತಿರ ಹೋಗಿ, ಫೋನಿನಲ್ಲಿ ವಿವರಿಸಬೇಡಿ. ಸ್ವೆಟರ್ ಮನೆಯಲ್ಲೇ ಇರಲಿ. ಆ 20 ಸಾಲಿನ ಚೂರು, ಅದನ್ನು ಹೆಣೆದ ಕಡ್ಡಿ, ಉಲ್ಲನ್ ಲೇಬಲ್, ಇಷ್ಟು ಒಯ್ಯಿರಿ. ಅವರ ಮುಂದೆ ಎರಡು ಸಾಲು ಹೆಣೆದು ತೋರಿಸಿ. ಅವರು ಬಟ್ಟೆ ನೋಡಿದರೆ ನೋಡಲಿ, ನಿಮ್ಮ ಎಡಗೈಯನ್ನೂ ನೋಡಲು ಹೇಳಿ.